18 ಕ್ರೆಡಿಟ್ ಮತ್ತು ನನ್ನ ನಿಯ್ಯತ್

ದಾಂಡೇಲಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಮಗಳು ನಿತ್ಯ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿ ಇಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಾಳೆ. ಸೀಟು ಸಿಕ್ಕ ದಿನ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದ್ದೆ. ಆ ಕೃತಜ್ಞತೆ ಮುಂಡಗೋಡದ ಒಂದು ಮದುವೆಯ ಊಟದವರೆಗೆ ಮಾತ್ರ ಬಾಳಿತು. "ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವೇ?" ಎಂದು ಬಂಧುವೊಬ್ಬರು ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಬಂದೆ.

ಮುಖ್ಯ ಪದವಿಯ ಜೊತೆಗೆ ಬೇರೊಂದು ವಿಭಾಗದ ವಿಷಯಗಳನ್ನು ಓದಿ 'ಮೈನರ್' ಪಡೆಯಬಹುದೆಂದು ತಿಳಿದ ದಿನವೇ ಮಗಳಿಗೆ ಅಪ್ಪಣೆ ಮಾಡಿದೆ. ಅದರ ಭಾರ ನನಗೆ ಗೊತ್ತಿರಲಿಲ್ಲ. ಎಐಸಿಟಿಇ ಮಾದರಿಯಂತೆ ಪದವಿಗೆ ಸುಮಾರು 160 ಕ್ರೆಡಿಟ್. ಮೈನರ್‌ಗೆ ಅದರ ಮೇಲೆ ಇನ್ನೂ 18ರಿಂದ 20. ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್. ಅಂದರೆ ಅಂತಹ ಆರು ಕೋರ್ಸು, ವಾರವಾರವೂ ಅಸೈನ್‌ಮೆಂಟ್, ಕೊನೆಗೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ. ಇಶಾ ನಮಾಝ್ ಮುಗಿಸಿ ಕುಳಿತವಳು ಎಷ್ಟು ಹೊತ್ತಿಗೆ ಮಲಗುತ್ತಾಳೆಂದು ನಾನು ವಿಚಾರಿಸಲಿಲ್ಲ. 'ಅಲ್ಗಾರಿದಮ್' ಎಂಬ ಪದವು ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದಿತೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಆ ಹೆಮ್ಮೆಯಿಂದ ಯಾರ ಮಗಳಿಗೂ ಒಂದು ಗಂಟೆಯ ನಿದ್ರೆ ಹೆಚ್ಚಾಗಿ ಸಿಗದು.

ಆ ಸೆಮಿಸ್ಟರ್‌ನಲ್ಲಿ ಅವಳು ಮುಖ್ಯ ವಿಷಯವಾದ ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಅನುತ್ತೀರ್ಣಳಾದಳು. ಸುದ್ದಿ ಕೇಳಿ ನಾನಾಡಿದ ಮೊದಲ ಮಾತು, "ಹಾಗಾದರೆ ಮೈನರ್ ಏನಾಯಿತು?"

"ಅಬ್ಬಾ, ನಾನು ಇಲೆಕ್ಟ್ರಿಕಲ್ ಓದುವುದು ನಿಮಗೆ ನಾಚಿಕೆಯೇ?"

ತಂತಿ ಸುತ್ತಿಯೇ ಮೂವರು ಮಕ್ಕಳನ್ನು ಸಾಕಿದವನು ನಾನು. ಉತ್ತರ ಹೊಳೆಯಲಿಲ್ಲ. ಜ್ಞಾನಾರ್ಜನೆ ಇಬಾದತ್ ಎಂದು ಅವಳಿಗೆ ಬೋಧಿಸುತ್ತಿದ್ದ ನನ್ನ ನಿಯ್ಯತ್, ಮದುವೆಮನೆಯ ಆ ಊಟದ ಸಾಲಿನಲ್ಲೇ ಉಳಿದಿತ್ತು.

ಮುಂದಿನ ಭಾನುವಾರ ಇಬ್ಬರೂ ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೋದೆವು. ದೂರದಲ್ಲಿ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಅದರಡಿಯ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಎರಡು ಯಂತ್ರಗಳು. ಬಳಕೆ ಏರಿದಾಗ ಗ್ರಿಡ್‌ನ 50 ಹರ್ಟ್ಸ್ ಇಳಿಯತೊಡಗುತ್ತದೆ, ಆಗ ಟರ್ಬೈನಿಗೆ ನೀರು ಹೆಚ್ಚಿಸಬೇಕು, ಎಷ್ಟು ಹೆಚ್ಚಿಸಬೇಕೆಂಬುದೇ ತಾನು ಅನುತ್ತೀರ್ಣಳಾದ ವಿಷಯ ಎಂದು ಅವಳು ನಕ್ಕಳು. ಆ ಲೆಕ್ಕವನ್ನು ಈಗ ಬಹುಪಾಲು ಕಂಪ್ಯೂಟರೇ ಮಾಡುತ್ತದಂತೆ. "ನನಗೂ ಮೈನರ್ ಬೇಕು ಅಬ್ಬಾ, ಇದಕ್ಕಾಗಿ ಬೇಕು. ಮೊದಲು ಆ ಪೇಪರ್ ಪಾಸಾಗುತ್ತೇನೆ."

ಪಾಸಾದಳು. ಈಗ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಓದುತ್ತಿದ್ದಾಳೆ. ಈ ವೇಗದಲ್ಲಿ ಪದವಿ ಮುಗಿಯುವುದರೊಳಗೆ 18 ಕ್ರೆಡಿಟ್ ಆಗಲಾರದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮೊನ್ನೆ ಮುಂಡಗೋಡದ ಬಂಧು ಫೋನ್ ಮಾಡಿ, ಮಗಳು ಏನು ಓದುತ್ತಿದ್ದಾಳೆಂದು ಮತ್ತೆ ಕೇಳಿದರು.

"ಇಲೆಕ್ಟ್ರಿಕಲ್" ಎಂದೆ.