ಅಪ್ಪನ ಸಹಿ

1/4
ಮೊದಲ ಫೋಟೋ ನೋಡಿ. ಹಳೇ ಲೆಕ್ಕದ ಪುಸ್ತಕದ ಒಂದು ಹಾಳೆ, ಕೆಳಗೆ ಮೂಲೇಲಿ ಸಹಿ. ಅದು ನಮ್ಮಪ್ಪಂದು. ತಿಪಟೂರಲ್ಲಿ ಕೊಬ್ಬರಿ ಮಂಡಿ ಗುಮಾಸ್ತರಾಗಿ ಇಪ್ಪತ್ತು ವರ್ಷ ಲೆಕ್ಕ ಬರೆದ ಕೈ. ನಾನು ಬಿಕಾಂ ಸೇರಿದ್ದೇ ಆ ಕೈಬರಹ ನೋಡ್ಕೊಂಡು ಬೆಳೆದಿದ್ದಕ್ಕೆ.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯ್ತು. ಜೀವ ಉಳೀತು. ನಡೀತಾರೆ, ಮಾತಾಡ್ತಾರೆ. ಬಲಗೈ ಮಾತ್ರ ಮುಷ್ಟಿ ಕಟ್ಕೊಂಡು ಕೂತ್ಬಿಡ್ತು. ಬ್ಯಾಂಕಲ್ಲಿ ಸಹಿ ತಾಳೆ ಆಗಲಿಲ್ಲ, ಕೊನೆಗೆ ಹೆಬ್ಬೆಟ್ಟು ಒತ್ತಿದ್ರು. ನಮ್ಮ ಕಡೆ ಯಾರನ್ನಾದ್ರೂ ‘ಹೆಬ್ಬೆಟ್ಟು’ ಅಂದ್ರೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಅಪ್ಪ ಬೆರಳಿನ ಶಾಯಿ ಪಂಚೆಗೆ ಒರೆಸ್ಕೊಂಡ್ರು. ಮನೆ ಮುಟ್ಟೋವರೆಗೂ ಒಂದು ಮಾತೂ ಆಡಲಿಲ್ಲ.

ಅವತ್ತು ರಾತ್ರಿ ನಾನು ಫೋನ್ ಹಿಡ್ಕೊಂಡು ಕೂತೆ. ‘ಸ್ಟ್ರೋಕ್ ಆದ ಕೈ ಮತ್ತೆ ಬರುತ್ತಾ?’ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಬ್ರೇನ್ ಕಂಪ್ಯೂಟರ್ ಇಂಟರ್‌ಫೇಸ್. ಚಿಕ್ಕದಾಗಿ ಬಿಸಿಐ.

2/4
ಕಾಮರ್ಸ್‌ನವಳಿಗೆ ಅರ್ಥ ಆಗಿದ್ದನ್ನ ಹೇಳ್ತೀನಿ, ಸೈನ್ಸ್‌ನವರು ನಗಬೇಡಿ.

ಈ ಹೆಸರನ್ನ ಚಾಲ್ತಿಗೆ ತಂದವರು ಅಮೆರಿಕದ ಜಾಕ್ ವಿಡಾಲ್, 1973ರಲ್ಲಿ. ಸ್ಟ್ರೋಕ್ ಆದವರಿಗೆ ಇದನ್ನ ಬಳಸೋದು ಹೀಗೆ: ತಲೆಗೆ ಒಂದು ಟೋಪಿ, ಅದರ ತುಂಬ ಎಲೆಕ್ಟ್ರೋಡ್‌ಗಳು. ಆಪರೇಷನ್ ಇಲ್ಲ, ಚುಚ್ಚೋದಿಲ್ಲ. ನೀವು ಸುಮ್ನೆ ಕೂತಿದ್ದಾಗ ಕೈಯನ್ನ ನೋಡ್ಕೊಳ್ಳೋ ಮೆದುಳಿನ ಭಾಗದಲ್ಲಿ ಸೆಕೆಂಡಿಗೆ ಸುಮಾರು 8ರಿಂದ 13 ಸಲ ಏರಿಳಿಯೋ ಒಂದು ಅಲೆ ಇರುತ್ತೆ. ಕೈ ಅಲ್ಲಾಡಿಸಬೇಕು ಅಂತ ಮನಸ್ಸು ಮಾಡಿದ್ರೆ ಆ ಅಲೆ ತಗ್ಗುತ್ತೆ. ಕೈ ನಿಜವಾಗ್ಲೂ ಅಲ್ಲಾಡದಿದ್ರೂ ತಗ್ಗಬಹುದು.

ಟೋಪಿ ಹಿಡಿಯೋದು ಆ ಬದಲಾವಣೆನ. ಅದು ಮನಸ್ಸು ಓದೋ ಮಂತ್ರ ಅಲ್ಲ. ಅಪ್ಪ ಏನು ಯೋಚಿಸ್ತಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ, ಕೈಗಾಗಿ ಪ್ರಯತ್ನ ಮಾಡಿದ್ರು ಅನ್ನೋದಷ್ಟೇ ಗೊತ್ತಾಗುತ್ತೆ. ಗೊತ್ತಾದ ತಕ್ಷಣ ಕಂಪ್ಯೂಟರ್ ಮುಂಗೈ ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುತ್ತೆ, ಇಲ್ಲಾ ಕೈಗೆ ತೊಡಿಸಿದ ಯಂತ್ರ ಬೆರಳು ಬಿಡಿಸುತ್ತೆ. ಮನಸ್ಸು ಮಾಡಿದ್ದಕ್ಕೂ ಕೈ ತೆರೆದಿದ್ದಕ್ಕೂ ಮೆದುಳು ಮತ್ತೆ ಗಂಟು ಹಾಕ್ಕೊಳ್ಳಲಿ ಅನ್ನೋದು ಉದ್ದೇಶ.

3/4
ನನ್ನ ನಿದ್ದೆ ಕೆಡಿಸಿದ್ದು ಮುಂದಿನ ವಿಷಯ.

ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡವೊಂದು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸ್ತು. ಸ್ಟ್ರೋಕ್ ಆಗಿ ಬಹಳ ತಿಂಗಳು ಕಳೆದಿದ್ದ 27 ಜನ. ಎಲ್ಲರಿಗೂ ಅದೇ ಟೋಪಿ, ಅದೇ ಥರದ ಕರೆಂಟ್. ವ್ಯತ್ಯಾಸ ಒಂದೇ. ಒಂದು ಗುಂಪಿಗೆ ಅವರು ಪ್ರಯತ್ನ ಮಾಡಿದಾಗ ಕರೆಂಟ್ ಬರ್ತಿತ್ತು. ಇನ್ನೊಂದು ಗುಂಪಿಗೆ ಅವರ ಪ್ರಯತ್ನಕ್ಕೆ ಸಂಬಂಧವೇ ಇಲ್ಲದೆ ಬರ್ತಿತ್ತು. ಕೈಯ ಚಲನೆಗೆ 66ಕ್ಕೆ ಅಂಕ ಕೊಡೋ ಪರೀಕ್ಷೆ ಇದೆ. ಮೊದಲ ಗುಂಪು ಸರಾಸರಿ 6.6 ಅಂಕ ಏರ್ತು, ಎರಡನೇದು 2.1.

ನಮ್ಮ ಲೆಕ್ಕದಲ್ಲಿ 66ಕ್ಕೆ 6.6 ಅಂದ್ರೆ ಬರೀ 10 ಪರ್ಸೆಂಟ್. ಪವಾಡ ಏನಲ್ಲ. ಆದ್ರೆ ಎರಡೂ ಕಡೆ ಕೈ ತೆರೆದಿತ್ತು ಅಲ್ವಾ? ಒಂದು ಕಡೆ ಕೈಯವರು ಕೇಳಿದಾಗ ತೆರೀತು, ಇನ್ನೊಂದು ಕಡೆ ಯಾರೋ ತೆರೆಸಿದ್ರು.

2021ರಲ್ಲಿ ಅಮೆರಿಕದ ಎಫ್‌ಡಿಎ ಇಪ್ಸಿಹ್ಯಾಂಡ್ ಅನ್ನೋ ಸಾಧನಕ್ಕೆ ಅನುಮತಿ ಕೊಡ್ತು. ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ ವಯಸ್ಕರಿಗೆ. ಅದು ಪೆಟ್ಟಾಗದ ಕಡೆಯ ಮೆದುಳಿನ ಸಂಕೇತ ಹಿಡಿದು ಕೈ ತೆರೆಸುತ್ತೆ. ಅಂದ್ರೆ ಆರು ತಿಂಗಳಾದ್ಮೇಲೂ ಬಾಗಿಲು ಪೂರ್ತಿ ಮುಚ್ಚಿರಲ್ಲ.

4/4
ಈಗ ನನ್ನ ತಪ್ಪು ಒಪ್ಕೋತೀನಿ.

ಅಪ್ಪ ಅಂಗಿ ಗುಂಡಿಗೆ ಕೈ ಹಾಕಿದ್ರೆ ‘ಬಿಡಪ್ಪ, ಕಾಲೇಜಿಗೆ ಲೇಟಾಗುತ್ತೆ’ ಅಂತ ನಾನೇ ಹಾಕ್ತಿದ್ದೆ. ಅನ್ನ ಕಲಸಿ ಕೊಡ್ತಿದ್ದೆ. ಪೆನ್ನು ಹಿಡಿಯೋಕೆ ಹೋದ್ರೆ ಕಿತ್ಕೊಂಡು ನಾನೇ ಬರೀತಿದ್ದೆ. ಎಲ್ಲಾ ಪ್ರೀತಿಗೇ. ಆದ್ರೆ ಆ ಎರಡನೇ ಗುಂಪಿನ ಕರೆಂಟ್ ಇತ್ತಲ್ಲ, ಅದು ನಾನೇ. ಕೆಲಸ ಆಗ್ತಿತ್ತು, ಅಪ್ಪನ ಪ್ರಯತ್ನಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ನಾಲ್ಕು ತಿಂಗಳಾಗೋಷ್ಟರಲ್ಲಿ ಅವರು ಬಲಗೈ ಮುಂದೆ ಚಾಚೋದನ್ನೇ ಬಿಟ್ಟಿದ್ರು.

ಆ ಟೋಪಿ ನಮ್ಮನೇಲಿಲ್ಲ. ತರಿಸೋ ಶಕ್ತಿಯೂ ಇಲ್ಲ. ಫಿಸಿಯೋ ಮೇಡಂಗೆ ಇದನ್ನೆಲ್ಲಾ ಹೇಳಿದಾಗ ಅವರು ಅಂದಿದ್ದು ಇಷ್ಟೇ: ‘ಮೊದಲು ಅವರು ಪ್ರಯತ್ನ ಮಾಡಲಿ, ನೀನು ಆಮೇಲೆ ಕೈ ಕೊಡು. ಬೆರಳು ಜೋರಾಗಿ ಮಾತ್ರ ಎಳೀಬೇಡ.’

ಈಗ ದಿನಾ ಸಂಜೆ ನಾವಿಬ್ಬರೂ ಪಡಸಾಲೇಲಿ ಕೂರ್ತೀವಿ. ಅವರ ಮುಂದೆ ಪೆನ್ನು, ಹಳೇ ನೋಟ್‌ಬುಕ್. ನಾನು ಮನಸ್ಸಲ್ಲೇ ಹತ್ತು ಎಣಿಸ್ತೀನಿ. ನಂಬಿ, ಆ ಹತ್ತು ಸೆಕೆಂಡ್ ಸುಮ್ನಿರೋದು ಅಕೌಂಟೆನ್ಸಿ ಪೇಪರ್‌ಗಿಂತ ಕಷ್ಟ.

ಕೊನೇ ಫೋಟೋ ನಿನ್ನೇದು. ಆ ಸೊಟ್ಟ ಗೆರೆ ಸಹಿ ಅಲ್ಲ, ಹೆಸರಿನ ಮೊದಲ ಅಕ್ಷರವೂ ಅಲ್ಲ. ಪೆನ್ನು ಎರಡು ಸಲ ಬಿತ್ತು. ಮೂರನೇ ಸಲ ಜಾರೋವಾಗ ಅಭ್ಯಾಸ ಬಲದಿಂದ ನನ್ನ ಕೈ ಮುಂದೆ ಹೋಯ್ತು. ಅಪ್ಪ ತಲೆ ಎತ್ತದೆ ಅಂದ್ರು:

‘ತಾಳಮ್ಮ. ಇನ್ನೂ ಬರೀತಿದೀನಿ.’

ನಿಮ್ಮ ಮನೇಲೂ ಹೀಗೆ ಯಾರಾದ್ರೂ ಇದ್ರೆ ಇವತ್ತು ಒಂದು ಸಲ ಹತ್ತು ಎಣಿಸಿ ನೋಡಿ. ಏನಾಯ್ತು ಅಂತ ಕಾಮೆಂಟಲ್ಲಿ ಹೇಳಿ, ಅಪ್ಪನಿಗೆ ಓದಿ ಹೇಳ್ತೀನಿ.