ಅಟ್ಟದಿಂದ ಇಳಿದ ಅಪ್ಪನ ಮೀಟರ್

ನಮ್ಮಪ್ಪ ಡಿಶ್ ಕೂರಿಸುವ ಕೆಲಸ ಮಾಡುತ್ತಿದ್ದರು. ಗೌರಿಬಿದನೂರು ಸುತ್ತಿನ ಹಳ್ಳಿಗಳಲ್ಲಿ ಅವರು ಹತ್ತದ ಮಾಳಿಗೆ ಕಡಿಮೆ. ಈಗ ಸೀರಿಯಲ್ಲನ್ನೂ ಜನ ಮೊಬೈಲಲ್ಲೇ ನೋಡುತ್ತಾರೆ. ಅಪ್ಪನಿಗೆ ವಾರಕ್ಕೊಂದು ಫೋನ್ ಬಂದರೆ ಹೆಚ್ಚು. ಸ್ಪ್ಯಾನರ್, ಕೇಬಲ್ ತುಂಡು, ಸಿಗ್ನಲ್ ಹುಡುಕುವ ಪುಟ್ಟ ಮೀಟರ್ ಇದ್ದ ಚೀಲ ಅಟ್ಟ ಸೇರಿತ್ತು. ಹೋದ ಜೂನ್‌ನಲ್ಲಿ ಅದನ್ನು ಇಳಿಸಿದವಳು ನಾನು.

ಹಳೇ ಡಿಶ್ ಇದ್ದರೆ ಸೂರ್ಯನಿಂದ ಬರುವ ರೇಡಿಯೊ ಅಲೆ ಹಿಡಿಯಬಹುದು ಎಂದು ಓದಿದ್ದೆ. ಅಪ್ಪನಿಗೆ ಹೇಳಿದರೆ ನಕ್ಕರು. "ಅದೇನ್ ಹೊಸದಮ್ಮ? ಮಾರ್ಚ್ ತಿಂಗಳಲ್ಲಿ ಹನ್ನೊಂದು ಹನ್ನೆರಡು ಗಂಟೆ ಹೊತ್ತಿಗೆ ಟೀವಿ ಹೋಯ್ತು ಅಂತ ಫೋನ್ ಬರೋವು. ಸೂರ್ಯ ಸ್ಯಾಟಲೈಟ್ ಹಿಂದಕ್ಕೆ ಬಂದವ್ನೆ, ಹತ್ತು ನಿಮಿಷ ಸುಮ್ನಿರಿ ಅಂತಿದ್ದೆ." ಸೂರ್ಯನ ಗದ್ದಲದಲ್ಲಿ ಟೀವಿ ಸಿಗ್ನಲ್ ಮುಳುಗುತ್ತದೆ. ಸೆಪ್ಟೆಂಬರ್ ಕೊನೆಗೂ ಹೀಗೇ ಆಗುತ್ತದೆ. ಜನ ಬೈಯುತ್ತಿದ್ದ ಆ ಗದ್ದಲವೇ ನನಗೆ ಬೇಕಾಗಿತ್ತು.

ಡಿಶ್ಶನ್ನು ಮಾಳಿಗೆ ಮೇಲೆ ಹಳೇ ಟಯರ್‌ಗೆ ಒರಗಿಸಿದೆವು. ಅದರ ಎಲ್‌ಎನ್‌ಬಿಯಿಂದ ಮೀಟರ್‌ಗೆ ಒಂದು ಕೇಬಲ್, ಮೀಟರ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ ಇನ್ನೊಂದು. ಕರೆಂಟು ಬಾಕ್ಸ್‌ನಿಂದಲೇ ಬರುತ್ತದೆ. ಖಾಲಿ ಆಕಾಶಕ್ಕೆ ತಿರುಗಿಸಿ, ಮುಳ್ಳು ಕೆಳಗೆ ನಿಲ್ಲುವಂತೆ ಗುಂಡಿ ಹೊಂದಿಸಿದೆವು. ಎಲ್‌ಎನ್‌ಬಿ ಮುಂದೆ ಅಪ್ಪ ಅಂಗೈ ಹಿಡಿದರು. ಮುಳ್ಳು ಎದ್ದಿತು! ಬೆಚ್ಚಗಿರುವ ಎಲ್ಲದರಿಂದಲೂ ರೇಡಿಯೊ ಅಲೆ ಹೊರಡುತ್ತದೆ, ನೆಲದಿಂದ, ಗೋಡೆಯಿಂದ, ನಮ್ಮ ಮೈಯಿಂದಲೂ. ಖಾಲಿ ಆಕಾಶ ಇವೆಲ್ಲಕ್ಕಿಂತ ಬಹಳ ತಣ್ಣಗಿದೆ. "ಹಂಗಾರೆ ನಾನೂ ಒಂದು ಸ್ಟೇಷನ್ನು" ಅಂದರು ಅಪ್ಪ.

ಆಮೇಲೆ ಸೂರ್ಯ. ಅವನನ್ನು ಬರಿಗಣ್ಣಲ್ಲಿ ನೋಡಬಾರದು. ಡಿಶ್‌ಗೆ ಬಿದ್ದ ಬಿಸಿಲು ಎಲ್‌ಎನ್‌ಬಿ ಮೇಲೆ ಹೊಳೆಯುವ ತನಕ ತಿರುಗಿಸಿದೆವು. ಕೆಳಗಿಂದ ಅಮ್ಮ, "ಓದಿ ಬಂದವ್ಳು ಬಿಸಿಲಲ್ಲಿ ಡಿಶ್ ತಿರುಗಿಸ್ತಾ ಕೂತವ್ಳೆ" ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಅಷ್ಟರಲ್ಲಿ ಮೀಟರ್ ಕುಯ್ಯೋ ಎಂದಿತು.

ಅಪ್ಪ ನಂಬಲಿಲ್ಲ. ಯಾವುದೋ ಸ್ಯಾಟಲೈಟ್ ಇರಬೇಕು ಅಂದರು. ಡಿಶ್ ಯಾವ ದಿಕ್ಕಿಗಿದೆ ಅಂತ ತಾವೇ ಬಗ್ಗಿ ನೋಡಿ ಸುಮ್ಮನಾದರು. ಟೀವಿ ಸ್ಯಾಟಲೈಟ್‌ಗಳೆಲ್ಲ ನಮಗೆ ದಕ್ಷಿಣದ ಕಡೆ ಇವೆ. ಜೂನ್‌ನಲ್ಲಿ ಸೂರ್ಯ ಇರುವುದು ಉತ್ತರಕ್ಕೆ ವಾಲಿ. ನನಗೆ ವಿವರಿಸುವ ಕೆಲಸವೇ ಉಳಿಯಲಿಲ್ಲ.

ಡಿಶ್ ಮುಟ್ಟದೆ ಕೂತೆವು. ಹತ್ತು ಹನ್ನೆರಡು ನಿಮಿಷದಲ್ಲಿ ಸದ್ದು ತಾನಾಗಿ ಇಳಿಯಿತು. ಭೂಮಿ ತಿರುಗಿ, ಸೂರ್ಯ ಡಿಶ್‌ನ ನೋಟದಿಂದ ಆಚೆ ಸರಿದಿದ್ದ.

ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೊ ವೀಕ್ಷಣಾಲಯವೊಂದಿದೆ. 1997ರಿಂದ ಅಲ್ಲಿನ ಆಂಟೆನಾ ಸಾಲುಗಳು ಸೂರ್ಯನ ಸುತ್ತಲಿನ ಕರೋನಾದ ಚಿತ್ರ ತೆಗೆಯುತ್ತಿವೆ. ಅಪ್ಪ ಆ ಕಂಬಿ, ತಂತಿಗಳ ಪಕ್ಕದಲ್ಲೇ ಎಷ್ಟೋ ಸಲ ಗಾಡಿಯಲ್ಲಿ ಹೋಗಿದ್ದಾರೆ. "ಅಲ್ಲಿ ಯಾವ ಚಾನಲ್ ಬರ್ತದೋ ಅನ್ಕೊಂಡಿದ್ದೆ" ಅಂದರು.

ಮಾರನೇ ದಿನ ಮೋಡ. ಡಿಶ್ ಹಿಂದಿನ ದಿನದಂತೆಯೇ ಇತ್ತು. ನಾನು ಆಸೆ ಬಿಟ್ಟಿದ್ದೆ, ಅಪ್ಪ ಹತ್ತೂವರೆಗೇ ಮಾಳಿಗೆ ಹತ್ತಿದ್ದರು. ಹತ್ತೂ ನಲವತ್ತರ ಹೊತ್ತಿಗೆ, ನಿನ್ನೆಯ ವೇಳೆಗೇ, ಮೀಟರ್ ಕೂಗಿತು. ಆ ತೆಳು ಮೋಡ ಬೆಳಕನ್ನು ಮುಚ್ಚಿತ್ತು, ರೇಡಿಯೊ ಅಲೆಯನ್ನು ತಡೆದಿರಲಿಲ್ಲ.

ಅಪ್ಪ ಹಳೇ ಬಿಲ್ ಪುಸ್ತಕ ತಂದು, ಗಿರಾಕಿ ಹೆಸರಿನ ಜಾಗದಲ್ಲಿ ಸೂರ್ಯ ಎಂದು ಬರೆದು, ಪಕ್ಕದಲ್ಲಿ ಟೈಮ್ ಹಾಕಿದರು.