ತಾತನ ತಾರೀಖು

ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ. ನಾನು ಕೂಡಿಡುವುದು ಪರ್ಪೆಚುಯಲ್ ಕ್ಯಾಲೆಂಡರ್ ಎಂಬ ಜಾತಿಯ ಹಳೆಯ ಕೈಗಡಿಯಾರಗಳನ್ನು. ಇದನ್ನು ಕೇಳಿದೊಡನೆ ಹಾಸ್ಟೆಲಿನ ಗೆಳೆಯರು ನನ್ನ ಟ್ರಂಕಿನ ಬೀಗದ ಕಡೆ ನೋಡುವುದುಂಟು. ಪಾಪ, ಅವರಿಗೆ ನಿರಾಶೆಯೇ ಗತಿ. ನನ್ನ ಸಂಗ್ರಹವೆಲ್ಲ ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿದೆ: ಎಡಕ್ಕೆ ಅಂಟಿಸಿದ ಚಿತ್ರ, ಬಲಕ್ಕೆ ವಿವರ.

ಈ ಗಡಿಯಾರಗಳ ಹೆಚ್ಚಳವೇನೆಂದರೆ, ಯಾವ ತಿಂಗಳಿಗೆ ಎಷ್ಟು ದಿನವೆಂಬುದನ್ನು ಅವು ತಾವೇ ಬಲ್ಲವು. ತಾರೀಖು ತೋರಿಸುವ ಸಾಮಾನ್ಯ ಗಡಿಯಾರ ಎಲ್ಲ ತಿಂಗಳಿಗೂ 31 ದಿನವೆಂದೇ ತಿಳಿದಿರುತ್ತದೆ. ಆದ್ದರಿಂದ ವರ್ಷಕ್ಕೆ ಐದು ಸಲ ನಾವು ಅದನ್ನು ತಿದ್ದಬೇಕು. ಇವುಗಳಲ್ಲಾದರೋ ನಾಲ್ಕು ವರ್ಷಕ್ಕೊಮ್ಮೆ ಸುತ್ತು ಮುಗಿಸುವ ಒಂದು ಚಕ್ರವಿದೆ. ಅದರ ಅಂಚಿನಲ್ಲಿ 48 ತಿಂಗಳುಗಳ ಗುರುತು. 31 ದಿನದ ತಿಂಗಳಿಗೆ ಅಂಚು ಎತ್ತರ. 30 ದಿನದ್ದಕ್ಕೆ ಸಣ್ಣ ಕಚ್ಚು. ಫೆಬ್ರವರಿಗೆ ಆಳವಾದ ಕಚ್ಚು. ಅಧಿಕ ವರ್ಷದ ಫೆಬ್ರವರಿಗೆ ಆಳ ತುಸು ಕಡಿಮೆ. ಒಂದು ಸನ್ನೆಯ ಮೂಗು ಆ ಕಚ್ಚಿನೊಳಗೆ ಎಷ್ಟು ಇಳಿಯುವುದೋ, ತಿಂಗಳ ಕೊನೆಗೆ ತಾರೀಖು ಅಷ್ಟು ದಿನ ಹಾರಿ 1ಕ್ಕೆ ಬಂದು ನಿಲ್ಲುತ್ತದೆ.

ಇಂಗ್ಲೆಂಡಿನ ಥಾಮಸ್ ಮಡ್ಜ್ 1762ರಲ್ಲೇ ಇಂಥ ಜೇಬುಗಡಿಯಾರ ಮಾಡಿದ್ದನು. ಅದು ಮುಂಗೈಗೆ ಏರಿದ್ದು 1925ರಲ್ಲಿ. ಜಿನೀವಾದ ಪಟೆಕ್ ಫಿಲಿಪ್ ಕಂಪನಿಯವರು, 1898ರಲ್ಲಿ ಹೆಂಗಸರ ಪದಕದ ಗಡಿಯಾರಕ್ಕೆಂದು ಮಾಡಿಟ್ಟಿದ್ದ ಯಂತ್ರವನ್ನೇ ಕೈಗಡಿಯಾರಕ್ಕೆ ಕೂಡಿಸಿದರು. 1941ರಲ್ಲಿ ಅವರು ಹೊರತಂದ 1518 ಎಂಬ ಮಾದರಿ ನನ್ನ ಪುಸ್ತಕದ ಮೊದಲ ಪುಟದಲ್ಲಿದೆ. ಅದನ್ನು ಹೆಚ್ಚಾಗಿ ಚಿನ್ನದಲ್ಲೇ ಮಾಡಿದರು. ಉಕ್ಕಿನವು ಬಲು ಅಪರೂಪ. 2016ರಲ್ಲಿ ಜಿನೀವಾದ ಹರಾಜಿನಲ್ಲಿ ಉಕ್ಕಿನದೊಂದು 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಉಕ್ಕು ಚಿನ್ನಕ್ಕಿಂತ ದುಬಾರಿಯಾಗುವುದು ಸಂಗ್ರಾಹಕರ ಲೋಕದಲ್ಲಿ ಮಾತ್ರ!

ನನ್ನ ಬಳಿ ನಿಜವಾಗಿ ಇರುವುದು ಒಂದೇ ಗಡಿಯಾರ. ಅದು ತಾತನ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ ಸಂಸ್ಥೆಯದು. ದಿನವೂ ಕೀಲಿ ಕೊಡಬೇಕು. ತಾರೀಖಿಗೆ ಒಂದು ಪುಟ್ಟ ಕಿಂಡಿ. ತಾತ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಬೆಳಗ್ಗೆ ಕರಿಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯದೆ ಪಾಠ ತೆಗೆದವರಲ್ಲ. ನಿವೃತ್ತರಾದ ಮೇಲೂ, ತಿದ್ದಬೇಕಾದ ತಿಂಗಳುಗಳ ಮೊದಲ ದಿನ, ಕಾಫಿ ಕುಡಿಯುವ ಮೊದಲೇ ಗಡಿಯಾರದ ತಿರುಪು ಎಳೆದು ತಾರೀಖನ್ನು ಸರಿಪಡಿಸುತ್ತಿದ್ದರು.

2023ರ ಮಾರ್ಚ್ 1ರಂದು ನಾನು ಯಾವುದೋ ಅರ್ಜಿ ತುಂಬುತ್ತ, "ತಾತ, ಇವತ್ತು ತಾರೀಖು ಎಷ್ಟು?" ಎಂದು ಕೇಳಿದೆ. ಅವರು ಮುಂಗೈ ನೋಡಿಕೊಂಡು, "ಫೆಬ್ರವರಿ ಇಪ್ಪತ್ತೊಂಬತ್ತು ಕಣೋ" ಎಂದರು. ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತೇ ಇರಲಿಲ್ಲ. ನಾನು ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ನೋಟುಪುಸ್ತಕ ತಂದು ಮೊದಲ ಪುಟ ತೆರೆದು, "ಇಂಥದ್ದು ಕಟ್ಟಿದ್ದರೆ ನೀವು ತಪ್ಪುತ್ತಿರಲಿಲ್ಲ" ಎಂದು ಕಚ್ಚು, ಚಕ್ರಗಳನ್ನೆಲ್ಲ ವಿವರಿಸಿದೆ. ತಾತ ಸುಮ್ಮನೆ ಕೇಳಿದರು. ಗಡಿಯಾರವನ್ನು ಮಾತ್ರ ತಿದ್ದಲಿಲ್ಲ.

ಮಳೆಗಾಲದ ಹೊತ್ತಿಗೆ ಅವರು ನಮ್ಮ ಹೆಸರುಗಳನ್ನು ಮರೆಯತೊಡಗಿದರು. ಮರೆವಿನ ಕಾಯಿಲೆಯೆಂದು ವೈದ್ಯರು ಹೇಳಿದಾಗ ನನಗೆ ಆ ಬೆಳಗ್ಗೆ ನೆನಪಾಯಿತು. ತಾತನ ಕೈಯಲ್ಲಿ ಆ ಕೋಟಿಯ ಗಡಿಯಾರವಿದ್ದಿದ್ದರೆ ಅದು ತಾನಾಗಿಯೇ 1 ತೋರಿಸುತ್ತಿತ್ತು. ನಮಗೆ ಏನೂ ತಿಳಿಯುತ್ತಿರಲಿಲ್ಲ. ಈ ಬಡ ಗಡಿಯಾರ ಎಲ್ಲರಿಗಿಂತ ಮೊದಲು ತಿಳಿಸಿತ್ತು. ನೋಡಿಯೂ ನಕ್ಕವನು ನಾನು.

ತಾತ ಈಗಿಲ್ಲ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿಟ್ಟಿದ್ದೇನೆ. 2100 ಅಧಿಕ ವರ್ಷವಲ್ಲ. ನಾಲ್ಕು ವರ್ಷದ ಚಕ್ರಕ್ಕೆ ಅದು ತಿಳಿಯದು. ಆ ವರ್ಷದ ಮಾರ್ಚ್ 1ರ ಬೆಳಗ್ಗೆ ಜಿನೀವಾದ ಆ ಗಡಿಯಾರವೂ ಫೆಬ್ರವರಿ 29 ಎಂದೇ ತೋರಿಸುತ್ತದೆ. ಆಗ ಅದನ್ನು ಕಟ್ಟಿಕೊಂಡವರು ಯಾರೇ ಆಗಲಿ, ನಗದೆ ತಿದ್ದಲಿ.

ತಾತನ ಗಡಿಯಾರವನ್ನು ವರ್ಷಕ್ಕೆ ಐದು ಸಲ ನಾನು ತಿದ್ದುತ್ತೇನೆ, ಕಾಫಿ ಕುಡಿಯುವ ಮೊದಲು.